ಒಂದು ದಿನ ಬಂದರು, ಮತ್ತೆ ಬರಲಿಲ್ಲ: ಸಹೋದ್ಯೋಗಿಗಳನ್ನು ಸೈಕಲ್ ಹತ್ತಿಸುವುದು ಹೇಗೆ?

ಪ್ರಶ್ನೆ: ಮೂರು ವರ್ಷದಿಂದ ಸೈಕಲ್‌ನಲ್ಲೇ ಆಫೀಸಿಗೆ ಹೋಗಿ ಬರುತ್ತಿದ್ದೇನೆ. ಒಂದು ಕಡೆಗೆ 6 ಕಿಲೋಮೀಟರ್. ನಮ್ಮಲ್ಲಿ 40 ಜನ ಇದ್ದಾರೆ. ಅರ್ಧದಷ್ಟು ಜನರ ಮನೆ ನನ್ನ ಮನೆಗಿಂತ ಹತ್ತಿರ. ಅವರೂ ಸೈಕಲ್ ಹಿಡಿಯಲಿ ಎಂದು ಪೋಸ್ಟರ್ ಅಂಟಿಸಿದೆ. ಆರೋಗ್ಯದ ಲೇಖನಗಳನ್ನು ಎಲ್ಲರಿಗೂ ಕಳಿಸಿದೆ. ಒಮ್ಮೆ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಮಾತಾಡಿದೆ, ಚಪ್ಪಾಳೆಯೂ ಬಿತ್ತು. ಇಬ್ಬರು ಒಂದೊಂದು ದಿನ ಬಂದು ಬಿಟ್ಟುಬಿಟ್ಟರು. ಈಗ ನನ್ನನ್ನು ಕಂಡರೆ "ಬಂದ್ರು ನೋಡಿ ಸೈಕಲ್ ಸ್ವಾಮಿಗಳು" ಎಂದು ನಗುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ? ಬಹುಮಾನ ಇಟ್ಟು ಸ್ಪರ್ಧೆ ಮಾಡೋಣ ಎನ್ನುತ್ತಿದ್ದಾರೆ ಮ್ಯಾನೇಜರ್. ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಸಾಲಿನ ಮೇಲೆ. "ಇಬ್ಬರು ಒಂದೊಂದು ದಿನ ಬಂದು ಬಿಟ್ಟುಬಿಟ್ಟರು." ಆ ದಿನ ಏನಾಯಿತು ಎಂದು ಅವರನ್ನು ಕೇಳಿದಿರಾ? ಪತ್ರದಲ್ಲಿ ಆ ಮಾತೇ ಇಲ್ಲ. ಚಪ್ಪಾಳೆ ತಟ್ಟಿದ 38 ಜನರನ್ನು ಸದ್ಯಕ್ಕೆ ಮರೆಯಿರಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಇಬ್ಬರ ಹತ್ತಿರ.

ಕೆಲಸದ ಜಾಗಗಳಲ್ಲಿ ಸೈಕಲ್ ಓಡಾಟ ಹೆಚ್ಚಿಸಲು ನೆರವಾಗುವುದೇ ನನ್ನ ಕೆಲಸ. ಶುರುವಿನ ದಿನಗಳಲ್ಲಿ ನಾನೂ ನಿಮ್ಮಂತೆಯೇ ಪೋಸ್ಟರ್ ಅಂಟಿಸಿದವನು. ಅಷ್ಟೇ ಅಲ್ಲ, ಹೊಸಬರೊಬ್ಬರನ್ನು ಮೊದಲ ದಿನ ಜೊತೆಗೆ ಕರೆದುಕೊಂಡು ಹೋಗಿ ಕೆಡಿಸಿದವನೂ ಹೌದು. ನಾನು ದಿನಾ ಹೋಗುವ ದೊಡ್ಡ ರಸ್ತೆಯಲ್ಲೇ ಕರೆದೊಯ್ದೆ. ನಾನು ಹೋಗುವ ವೇಗದಲ್ಲೇ ಹೋದೆ. ತಿರುಗಿ ನೋಡಿದಾಗ ಅವರು ಎರಡು ಸಿಗ್ನಲ್ ಹಿಂದೆ, ಬಸ್ಸಿನ ಪಕ್ಕದಲ್ಲಿ ಒಂದು ಕಾಲು ನೆಲಕ್ಕೂರಿ ನಿಂತಿದ್ದರು. ಮುಖ ಬಿಳಿಚಿತ್ತು. ಆಫೀಸಿನಲ್ಲಿ "ಚೆನ್ನಾಗಿತ್ತು" ಎಂದರು. ಮರುದಿನದಿಂದ ಬಸ್ಸಿನಲ್ಲಿ ಬಂದರು. ಆ "ಚೆನ್ನಾಗಿತ್ತು" ಬರೀ ಮರ್ಯಾದೆಯ ಮಾತು ಎಂದು ನನಗೆ ಹೊಳೆಯಲು ಎಷ್ಟೋ ಕಾಲ ಹಿಡಿಯಿತು.

ಸೈಕಲ್ ಒಳ್ಳೆಯದು ಎಂದು ಗೊತ್ತಿಲ್ಲದವರು ನಿಮ್ಮ ಆಫೀಸಿನಲ್ಲಿ ಯಾರೂ ಇರಲಾರರು. 2017ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ತಂಡ ಬ್ರಿಟನ್ನಿನ ಸುಮಾರು 2 ಲಕ್ಷ 63 ಸಾವಿರ ಜನರ ಮಾಹಿತಿ ನೋಡಿ ಒಂದು ಅಧ್ಯಯನ ಪ್ರಕಟಿಸಿತು. ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಅಕಾಲ ಸಾವಿನ ಅಪಾಯ ಶೇ. 41ರಷ್ಟು ಕಡಿಮೆ ಕಂಡಿತ್ತು. ಸೈಕಲ್ ಹೊಡೆಯುವವರು ಮೊದಲಿನಿಂದಲೇ ಗಟ್ಟಿ ಇರಬಹುದು, ಹಾಗಾಗಿ ಎಲ್ಲವನ್ನೂ ಸೈಕಲ್ಲಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಆದರೂ ದೊಡ್ಡ ಸಂಖ್ಯೆಯೇ. ನೀವು ಕಳಿಸಿದ ಲೇಖನಗಳಲ್ಲಿ ಇದೂ ಇದ್ದಿರಬೇಕು. ಏನು ಪ್ರಯೋಜನವಾಯಿತು? ಬೆಳಿಗ್ಗೆ ಎಂಟೂವರೆಗೆ ಮನೆಯ ಬಾಗಿಲಲ್ಲಿ ನಿಂತವರು ಶೇ. 41ರ ಬಗ್ಗೆ ಯೋಚಿಸುವುದಿಲ್ಲ. ಟೈರಿನಲ್ಲಿ ಗಾಳಿ ಇದೆಯಾ, ಅಂಗಿ ಒದ್ದೆಯಾಗುತ್ತಾ, ಆ ಸರ್ಕಲ್ ದಾಟುವುದು ಹೇಗೆ ಎಂದು ಯೋಚಿಸುತ್ತಾರೆ. ಇವುಗಳಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಕೈ ಕಾರಿನ ಕೀಗೆ ಹೋಗುತ್ತದೆ. ಇದನ್ನೆಲ್ಲ ಬಿಟ್ಟು ಲಾಭದ ಪಟ್ಟಿಯನ್ನೇ ಮತ್ತೆ ಮತ್ತೆ ಓದಿದರೆ, ಹೇಳಿದ್ದೇ ಹೇಳೋ ಕಿಸಬಾಯಿ ದಾಸ ಎಂಬ ಹೆಸರು ಬರುತ್ತದೆ. ನಿಮಗೆ ಸ್ವಾಮಿಗಳ ಪಟ್ಟ ಸಿಕ್ಕಿದೆ, ವಾಸಿ ಅಂದುಕೊಳ್ಳಿ.

40 ಜನರಲ್ಲಿ ನಿಮಗೆ ಬೇಕಾದವರು ಯಾರು? ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸೈಕಲ್ ಯೋಜನೆ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ 2006ರ ಸುಮಾರಿಗೆ ಒಂದು ಅಂದಾಜು ಮಾಡಿದರು. ಎಂಥ ರಸ್ತೆಯಲ್ಲೂ ಹೆದರದೆ ಹೋಗುವವರು ಶೇ. 1ಕ್ಕಿಂತ ಕಡಿಮೆ. ಒಂದಿಷ್ಟು ಅನುಕೂಲ ಇದ್ದರೆ ಖುಷಿಯಿಂದ ಹೋಗುವವರು ಶೇ. 7. ಏನೇ ಮಾಡಿದರೂ ಬೇಡ ಎನ್ನುವವರು ಶೇ. 33. ಉಳಿದ ಶೇ. 60 ಜನರಿಗೆ ಮನಸ್ಸಿದೆ, ಜೊತೆಗೆ ಹೆದರಿಕೆಯೂ ಇದೆ. ಇದು ಆಗ ಅವರ ಊಹೆಯಷ್ಟೇ. ಆಮೇಲೆ ಅಮೆರಿಕದ ದೊಡ್ಡ ನಗರಗಳಲ್ಲಿ ಸಮೀಕ್ಷೆ ಮಾಡಿದಾಗಲೂ ಮನಸ್ಸಿದ್ದು ಹೆದರುವವರು ಸುಮಾರು ಅರ್ಧದಷ್ಟು ಸಿಕ್ಕರು. ನಿಮ್ಮ ಆಫೀಸಿನಲ್ಲಿ ಲೆಕ್ಕ ಬೇರೆ ಇರಬಹುದು. ಆದರೆ ನನಗೆ ಇದರಿಂದ ಆದ ಉಪಕಾರ ಬೇರೆಯೇ. "ನನಗೆ ಇದೆಲ್ಲ ಆಗಲ್ಲಪ್ಪ" ಎನ್ನುವವರ ಜೊತೆ ವಾದ ಮಾಡುವುದನ್ನು ನಿಲ್ಲಿಸಿದೆ. ಅವರನ್ನು ಗೆದ್ದರೆ ಹೆಮ್ಮೆ ಆಗುತ್ತದೆ ನಿಜ, ಆದರೆ ಗೆಲ್ಲುವುದು ಕಡಿಮೆ. ಅಷ್ಟರಲ್ಲಿ ಮೂಲೆಯಲ್ಲಿ ಸುಮ್ಮನೆ ಕೂತ ಇನ್ನೊಬ್ಬರು, ಕೇಳಲೋ ಬೇಡವೋ ಎಂದುಕೊಂಡು ಎದ್ದುಹೋಗಿರುತ್ತಾರೆ.

ಮನಸ್ಸಿರುವವರನ್ನು ಹೇಗೆ ಗುರುತಿಸುವುದು? ಅವರು ಚಿಕ್ಕ ಚಿಕ್ಕ ಪ್ರಶ್ನೆ ಕೇಳುತ್ತಾರೆ. "ಸೈಕಲ್ ಎಲ್ಲಿ ನಿಲ್ಲಿಸ್ತೀರಿ?" "ಎಷ್ಟು ಹೊತ್ತು ಹಿಡಿಯುತ್ತೆ?" "ಮಳೆ ಬಂದ್ರೆ ಏನ್ ಮಾಡ್ತೀರಿ?" ಸುಮ್ನೆ ಕೇಳಿದೆ ಎಂಬ ಹಾಗೆ ಕೇಳುತ್ತಾರೆ. ಅದು ಸುಮ್ನೆ ಅಲ್ಲ. ಇನ್ನು, ಮನೆಯಲ್ಲಿ ಈಗಾಗಲೇ ಒಂದು ಹಳೆ ಸೈಕಲ್ ಧೂಳು ತಿನ್ನುತ್ತಾ ಬಿದ್ದಿದ್ದರೆ ಅರ್ಧ ದಾರಿ ಸಾಗಿದಂತೆ. ಈಚೆಗೆ ಮನೆ ಬದಲಾಯಿಸಿದವರು, ಹೊಸದಾಗಿ ಕೆಲಸಕ್ಕೆ ಸೇರಿದವರ ಮೇಲೂ ಒಂದು ಕಣ್ಣಿಡಿ. ಅವರ ಹಳೆಯ ರೂಢಿ ಮುರಿದಿರುತ್ತದೆ, ಹೊಸದು ಇನ್ನೂ ಕೂತಿರುವುದಿಲ್ಲ. 2014ರ ಫೆಬ್ರವರಿಯಲ್ಲಿ ಲಂಡನ್ನಿನ ಸುರಂಗ ರೈಲಿನ ನೌಕರರು ಎರಡು ದಿನ ಮುಷ್ಕರ ಮಾಡಿದ್ದರು. ಜನ ಬೇರೆ ದಾರಿ ಹುಡುಕಬೇಕಾಯಿತು. ಮುಷ್ಕರ ಮುಗಿದ ಮೇಲೂ ಸುಮಾರು ಶೇ. 5 ಜನ ಹಳೆಯ ದಾರಿಗೆ ಮರಳಲೇ ಇಲ್ಲ ಎಂದು ಆಮೇಲೆ ಸಂಶೋಧಕರು ಲೆಕ್ಕ ಹಾಕಿದರು. ವರ್ಷಗಟ್ಟಲೆ ಒಂದೇ ದಾರಿಯಲ್ಲಿ ಹೋದವರಿಗೂ ಇದಕ್ಕಿಂತ ಒಳ್ಳೆಯ ದಾರಿ ಇದೆ ಎಂಬುದು ಗೊತ್ತಿರಲಿಲ್ಲ. ಅಷ್ಟಕ್ಕೆ ಎರಡೇ ದಿನ ಸಾಕಾಯಿತು ನೋಡಿ! ಬಸ್ ಮಾರ್ಗ ಬದಲಾದ ವಾರ, ಪಾರ್ಕಿಂಗ್ ಜಾಗ ಕಡಿಮೆ ಮಾಡಿದ ತಿಂಗಳು, ಯಾರದೋ ಕಾರು ರಿಪೇರಿಗೆ ಹೋದ ದಿನ. ಒಂದು ಮಾತು ಹೇಳಲು ಇವೇ ಸರಿಯಾದ ಹೊತ್ತು.

ಆ ಮಾತು ಏನಿರಬೇಕು? "ಇನ್ನು ಮೇಲೆ ಸೈಕಲ್‌ನಲ್ಲೇ ಬನ್ನಿ" ಎಂದು ಯಾರಿಗೂ ಹೇಳಬೇಡಿ. ಅದು ಬದುಕು ಬದಲಾಯಿಸಿಕೊಳ್ಳಿ ಎಂದ ಹಾಗೆ ಕೇಳಿಸುತ್ತದೆ. ಒಂದು ದಿನ ಕೇಳಿ. ವಾರ, ತಾರೀಕು ಹೆಸರಿಸಿ ಕೇಳಿ. "ಶುಕ್ರವಾರ ನಾನು ನಿಮ್ಮ ಮನೆ ಹತ್ತಿರಾನೇ ಬರ್ತೀನಿ, ಜೊತೆಗೆ ಹೋಗೋಣ್ವಾ? ಸಂಜೆ ಸಾಕಾದ್ರೆ ಸೈಕಲ್ ಇಲ್ಲೇ ಬಿಟ್ಟು ಬಸ್ಸಿಗೆ ಹೋಗಿ." ಕೊನೆಯ ಆ ಮಾತು ಬಹಳ ಮುಖ್ಯ. ಹೊಸಬರು ಹೆದರುವುದು ಹೋಗುವುದಕ್ಕಿಂತ ಸಿಕ್ಕಿಹಾಕಿಕೊಳ್ಳುವುದಕ್ಕೆ. ಸಂಜೆ ಕತ್ತಲಾದರೆ, ಮೈ ಹುಷಾರಿಲ್ಲದಿದ್ದರೆ, ಮಗುವಿನ ಶಾಲೆಯಿಂದ ಫೋನ್ ಬಂದರೆ ಏನು ಗತಿ? ವಾಪಸ್ ಹೋಗಲು ಇನ್ನೊಂದು ದಾರಿ ಇದೆ ಎಂದು ಗೊತ್ತಾದರೆ ಹತ್ತುವುದು ಸುಲಭ.

ಆ ಶುಕ್ರವಾರಕ್ಕೆ ಮುಂಚೆ ಮಾಡಬೇಕಾದ ಕೆಲಸ ಒಂದಿಷ್ಟಿದೆ. ನೀವು ಹೊರಳಬೇಕಾದದ್ದು ಇಲ್ಲಿಗೇ. ಭಾಷಣಕ್ಕೆ ಹಾಕಿದ ಸಮಯವನ್ನು ಇಲ್ಲಿ ಹಾಕಿ.

ಮೊದಲು ಸೈಕಲ್. ಮನೆಯಲ್ಲಿ ಬಿದ್ದಿರುವುದನ್ನೇ ಹೊರಗೆ ತೆಗೆಸಿ. ತಿಂಗಳುಗಟ್ಟಲೆ ನಿಂತ ಟ್ಯೂಬಿನಲ್ಲಿ ಗಾಳಿ ತಾನಾಗಿ ಇಳಿದಿರುತ್ತದೆ. ಅದನ್ನು ಕಂಡು ಪಂಕ್ಚರ್ ಎಂದುಕೊಂಡು ಎರಡು ವರ್ಷ ಹಾಗೇ ಬಿಟ್ಟವರನ್ನು ನಾನು ನೋಡಿದ್ದೇನೆ. ಎಷ್ಟು ಗಾಳಿ ಬೇಕು ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಗಾಳಿ ಕಡಿಮೆ ಇದ್ದರೆ ತುಳಿಯುವುದೂ ಕಷ್ಟ, ಗುಂಡಿಗೆ ಇಳಿದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಹರಿಯುತ್ತದೆ. ಎರಡೂ ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ. ಚೈನು ಒರೆಸಿ ನಾಲ್ಕು ಹನಿ ಎಣ್ಣೆ ಬಿಡಿ, ಹೆಚ್ಚಾದದ್ದನ್ನು ಮತ್ತೆ ಒರೆಸಿ.

ಆಮೇಲೆ ಸೀಟಿನ ಎತ್ತರ. ಹೊಸಬರು ಸೀಟನ್ನು ತೀರಾ ಕೆಳಗಿಡುತ್ತಾರೆ, ಕೂತಲ್ಲೇ ಎರಡೂ ಪಾದ ನೆಲಕ್ಕೆ ತಾಗಲಿ ಎಂದು. ಹಾಗೆ 5 ಕಿಲೋಮೀಟರ್ ತುಳಿದರೆ ಮಂಡಿ ಮಾತಾಡುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಗ್ಗಿರುತ್ತದೆ. ಇಷ್ಟೇ ಲೆಕ್ಕ. ಹೆದರುವವರಿಗೆ ಮೊದಲ ವಾರ ಒಂದೆರಡು ಬೆರಳು ಕೆಳಗೇ ಇರಲಿ, ಮೆಲ್ಲಗೆ ಏರಿಸಿ. ಬಂದು ಬಿಟ್ಟ ನಿಮ್ಮ ಆ ಇಬ್ಬರಲ್ಲಿ ಒಬ್ಬರು "ಮಂಡಿ ನೋವು" ಎಂದು ಬಿಟ್ಟಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಮೂರನೆಯದು ದಾರಿ. ಕಾರಿನಲ್ಲಿ ಬರುವವರ ತಲೆಯಲ್ಲಿ ಕಾರಿನ ದಾರಿಯೇ ಕೂತಿರುತ್ತದೆ. ಸೈಕಲ್ ದಾರಿ ಬೇರೆ ಇರುತ್ತದೆ. ಹಿಂದಿನ ಬೀದಿ, ಪಾರ್ಕಿನ ಪಕ್ಕ, ಶಾಲೆಯ ಹಿಂಭಾಗ. ಅರ್ಧ ಕಿಲೋಮೀಟರ್ ಜಾಸ್ತಿ ಆದರೂ ಪರವಾಗಿಲ್ಲ. ರಜೆಯ ದಿನ ಬೆಳಿಗ್ಗೆ, ವಾಹನ ಕಡಿಮೆ ಇರುವಾಗ ಒಂದು ಸಲ ಜೊತೆಗೆ ಹೋಗಿ ಬನ್ನಿ. ದೊಡ್ಡ ಸರ್ಕಲ್ ಬಂದರೆ ಇಳಿದು ತಳ್ಳಿಕೊಂಡು ದಾಟಬಹುದು ಎಂದು ಹೇಳಿ. ಅದರಲ್ಲಿ ಅವಮಾನ ಏನಿದೆ? ನಾನು ಈಗಲೂ ಒಂದು ಕಡೆ ಇಳಿದೇ ದಾಟುತ್ತೇನೆ. ಹೊಸಬರು ಹೆದರಿ ರಸ್ತೆಯ ತೀರಾ ಅಂಚಿಗೆ ಹೋಗುತ್ತಾರೆ. ಅಲ್ಲಿ ಕಸ, ಗಾಜು, ಚರಂಡಿಯ ಮುಚ್ಚಳ. ಅದಕ್ಕಿಂತ ಕೆಟ್ಟದ್ದು ನಿಂತ ಕಾರಿನ ಬಾಗಿಲು. ಅದು ಯಾವಾಗ ತೆರೆಯುತ್ತದೋ ಹೇಳಲಾಗದು. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು, ಅಂದರೆ ಒಂದು ಮೀಟರಿಗಿಂತ ಜಾಸ್ತಿ ದೂರ ಇಟ್ಟು ನೇರ ಗೆರೆಯಲ್ಲಿ ಹೋಗುವುದನ್ನು ಕಲಿಸಿ. ತಿರುಗಲು ನಿಂತ ಲಾರಿ, ಬಸ್ಸಿನ ಪಕ್ಕದ ಸಂದಿಗೆ ನುಗ್ಗಬಾರದು. ಅಲ್ಲಿ ನೀವು ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಬಿಳಿ, ಹಿಂದೆ ಕೆಂಪು ಲೈಟು ಇಲ್ಲದೆ ಸಂಜೆ ಹೊರಡಬಾರದು. ಜೊತೆಗೆ ಹೋಗುವಾಗ ಹಳಬರು ಮುಂದೆ ಓಡಬಾರದು. ದಾರಿ ಗೊತ್ತಿದ್ದರೆ ಹೊಸಬರನ್ನೇ ಮುಂದೆ ಬಿಡಿ, ಅವರ ವೇಗವೇ ನಿಮ್ಮ ವೇಗ. ಇದು ನಾನು ದಂಡ ತೆತ್ತು ಕಲಿತ ಪಾಠ.

ರಸ್ತೆಯ ಹೆದರಿಕೆಯನ್ನು "ಏನೂ ಆಗಲ್ಲ ಬನ್ನಿ" ಎಂದು ತಳ್ಳಿಹಾಕಬೇಡಿ. ಆಗಬಹುದು. ಅವರ ಹೆದರಿಕೆಗೆ ಕಾರಣ ಇದೆ. ಒಂದು ಮಾತು ಮಾತ್ರ ನೀವು ಧೈರ್ಯವಾಗಿ ಹೇಳಬಹುದು. ಪೀಟರ್ ಜೇಕಬ್‌ಸೆನ್ ಎಂಬ ಸಂಶೋಧಕರು 2003ರಲ್ಲಿ ಹಲವು ಊರು, ದೇಶಗಳ ಅಂಕಿಅಂಶ ಹೋಲಿಸಿ ನೋಡಿದರು. ಸೈಕಲ್ ಓಡಾಟ ಎರಡು ಪಟ್ಟಾದಾಗ ಅಪಘಾತ ಎರಡು ಪಟ್ಟಾಗುವುದಿಲ್ಲ, ಸುಮಾರು ಮೂರನೇ ಒಂದರಷ್ಟು ಮಾತ್ರ ಏರುತ್ತದೆ ಎಂದು ಅವರಿಗೆ ಕಂಡಿತು. ಅಂದರೆ ಒಬ್ಬೊಬ್ಬರ ಅಪಾಯ ಇಳಿಯುತ್ತದೆ. ಜನ ಹೆಚ್ಚಿದ್ದಕ್ಕೆ ರಸ್ತೆ ಸುರಕ್ಷಿತವಾಯಿತೋ, ರಸ್ತೆ ಸುರಕ್ಷಿತ ಇದ್ದದ್ದಕ್ಕೆ ಜನ ಹೆಚ್ಚಿದರೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದೇನೇ ಇರಲಿ, ಇಬ್ಬರು ಜೊತೆಗೆ ಹೋಗುವಾಗ ಒಬ್ಬರಿಗಿಂತ ಚೆನ್ನಾಗಿ ಕಾಣುತ್ತಾರೆ.

ಇನ್ನು ಬೆವರು. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ, ಎಲ್ಲರ ತಲೆಯಲ್ಲೂ ಅದೇ. ಇದಕ್ಕೆ ಮದ್ದು ನಿಧಾನ. 6 ಕಿಲೋಮೀಟರ್ ದಾರಿಯನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ 18 ನಿಮಿಷ. 15ರಲ್ಲಿ ಹೋದರೆ 24 ನಿಮಿಷ. ವ್ಯತ್ಯಾಸ ಆರೇ ನಿಮಿಷ. ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 20ರಿಂದ 15ಕ್ಕೆ ಇಳಿಸಿದರೆ ಆ ಭಾಗ ಅರ್ಧಕ್ಕಿಂತಲೂ ಕೆಳಗೆ ಬರುತ್ತದೆ. ಬೆವರೂ ಹಾಗೆಯೇ ಇಳಿಯುತ್ತದೆ. ಇನ್ನೊಂದು ಗುಟ್ಟು: ಬೆವರು ಕಾಣುವುದು ಸೈಕಲ್ ಮೇಲಲ್ಲ, ಇಳಿದ ಮೇಲೆ. ಓಡುವಾಗ ಗಾಳಿ ಒಣಗಿಸುತ್ತಿರುತ್ತದೆ, ನಿಂತ ಕೂಡಲೇ ಅದು ನಿಲ್ಲುತ್ತದೆ, ಮೈ ಮಾತ್ರ ಇನ್ನೂ ಬಿಸಿ. ಆದ್ದರಿಂದ ಕೊನೆಯ ಒಂದು ಕಿಲೋಮೀಟರ್ ಮೆಲ್ಲಗೆ ಹೋಗಬೇಕು. ಬ್ಯಾಗು ಬೆನ್ನಿಗೆ ಬೇಡ, ಕ್ಯಾರಿಯರ್ ಮೇಲಿರಲಿ. ಬೆನ್ನು ಒದ್ದೆಯಾಗುವುದೇ ಬ್ಯಾಗಿನಿಂದ. ಒಂದು ಜೊತೆ ಬಟ್ಟೆ, ಟವೆಲ್ ಆಫೀಸಿನಲ್ಲೇ ಇದ್ದರೆ ಬಹುಪಾಲು ಜನಕ್ಕೆ ಸ್ನಾನದ ಮನೆಯೂ ಬೇಕಾಗುವುದಿಲ್ಲ. ದಾರಿ ದೂರ ಅಥವಾ ಏರು ಜಾಸ್ತಿ ಇರುವವರಿಗೆ ಬ್ಯಾಟರಿ ಸೈಕಲ್ ಇದೆ. ಯುರೋಪಿನ ನಿಯಮದಂತೆ ಅದರ ಮೋಟರು 250 ವಾಟ್ ಮೀರುವಂತಿಲ್ಲ, ಗಂಟೆಗೆ 25 ಕಿ.ಮೀ. ಮುಟ್ಟಿದ ಮೇಲೆ ನೆರವು ನಿಲ್ಲಬೇಕು. "ಅದೇನು ಸೈಕಲ್ಲಾ?" ಎಂದು ಮೂಗು ಮುರಿಯುವ ಹಳಬರು ಇರುತ್ತಾರೆ. ಅಂಥವರನ್ನು ಹೊಸಬರಿಂದ ದೂರ ಇಡಿ.

ಹೆಲ್ಮೆಟ್ಟಿನಿಂದ ಗ್ಲೌಸಿನವರೆಗೆ ಪೂರ್ತಿ ವೇಷದಲ್ಲಿ ನೀವು ಬರುತ್ತೀರಾ? ಬಿಗಿ ಚಡ್ಡಿ, ಕನ್ನಡಕ, ಪೆಡಲಿಗೆ ಕ್ಲಿಪ್ ಹಾಕುವ ಬೂಟು? ಹೆಲ್ಮೆಟ್ ಬಿಡಬೇಡಿ. ಉಳಿದದ್ದನ್ನು ಒಂದು ತಿಂಗಳು ಬಿಟ್ಟು ಆಫೀಸಿನ ಬಟ್ಟೆಯಲ್ಲೇ ಬಂದು ನೋಡಿ. ನಿಮ್ಮನ್ನು ನೋಡಿದವರಿಗೆ "ನಾನೂ ಮಾಡಬಹುದು" ಅನ್ನಿಸಬೇಕು. ಆಟಗಾರರಂತೆ ಕಂಡರೆ "ಅವರಿಗೇನಪ್ಪ, ಅವರು ಗಟ್ಟಿ" ಅನ್ನಿಸುತ್ತದೆ. ಗೇರು, ತೂಕ, ಬೆಲೆಯ ಮಾತು ಅವರೇ ಕೇಳುವ ತನಕ ಬೇಡ.

ಆಗುವುದೇ ಇಲ್ಲ ಎನ್ನುವವರೂ ಇದ್ದಾರೆ, ಅವರ ಕಾರಣ ನಿಜವೂ ಇರುತ್ತದೆ. ದಾರಿಯಲ್ಲಿ ಇಬ್ಬರು ಮಕ್ಕಳನ್ನು ಶಾಲೆಗೆ ಬಿಡಬೇಕಾದವರು, ರಾತ್ರಿ ಪಾಳಿ ಮುಗಿಸಿ ಒಂಟಿಯಾಗಿ ಹೋಗಬೇಕಾದ ಹೆಣ್ಣುಮಕ್ಕಳು, ಬೆನ್ನಿಗೆ ಪೆಟ್ಟಾದವರು. ಇವರ ಮುಂದೆ ಪರಿಸರದ ಮಾತೆತ್ತಿ ತಪ್ಪಿತಸ್ಥರನ್ನಾಗಿ ಮಾಡಬೇಡಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರಿದ್ದರೆ ಅವರನ್ನಂತೂ ನೇರವಾಗಿ ಕರೆಯಲೇಬೇಡಿ. ನೀವು ಕೇಳಿದರೆ ಅದು ಆಹ್ವಾನವಲ್ಲ, ಅಪ್ಪಣೆ. ಹೂಂ ಎಂದು ತಲೆಯಾಡಿಸಿ ಒಳಗೊಳಗೇ ಬೈದುಕೊಳ್ಳುತ್ತಾರೆ.

ಮ್ಯಾನೇಜರ್ ವಿಷಯಕ್ಕೆ ಬರೋಣ. ಅವರಿಗೆ ಆಸಕ್ತಿ ಇರುವುದು ದೊಡ್ಡ ಅದೃಷ್ಟ, ಅದನ್ನು ಸ್ಪರ್ಧೆಯಲ್ಲಿ ಕಳೆಯಬೇಡಿ. ಕೆಲವು ಕೆಲಸ ನಿಮ್ಮಿಂದ ಆಗುವುದಿಲ್ಲ, ಅವರಿಂದ ಮಾತ್ರ ಆಗುತ್ತದೆ. ಸೈಕಲ್ ನಿಲ್ಲಿಸಲು ಮಳೆ ಬೀಳದ, ಜನ ಓಡಾಡುವ ಕಡೆ ಕಾಣುವ ಜಾಗ. ಅಲ್ಲಿ ಬರೀ ಚಕ್ರ ಸಿಕ್ಕಿಸುವ ಸ್ಟ್ಯಾಂಡು ಬೇಡ, ಫ್ರೇಮಿಗೇ ಬೀಗ ಹಾಕುವಂಥ ನೆಲಕ್ಕೆ ಕೂತ ಕಂಬಿ ಬೇಕು. ಒದ್ದೆ ಬಟ್ಟೆ ಒಣಹಾಕಲು ನಾಲ್ಕು ಕೊಕ್ಕೆ. ಬೆಳಿಗ್ಗೆ ಹದಿನೈದು ನಿಮಿಷ ಹೆಚ್ಚುಕಡಿಮೆಯಾದರೆ ಯಾರೂ ಹುಬ್ಬೇರಿಸಬಾರದು ಎಂಬ ಒಂದು ಮಾತು. ಸರ್ಕಾರಗಳೇ ಕೈಜೋಡಿಸಿದ ಕಡೆಯೂ ಇದೆ. ಬ್ರಿಟನ್ನಿನಲ್ಲಿ 1999ರಿಂದ ಕಂಪನಿಯ ಮೂಲಕ ತೆರಿಗೆ ಉಳಿಸಿ ಸೈಕಲ್ ಪಡೆಯುವ ಏರ್ಪಾಡಿದೆ. ಬೆಲ್ಜಿಯಂನಲ್ಲಿ ಸೈಕಲ್‌ನಲ್ಲಿ ಕೆಲಸಕ್ಕೆ ಬರುವವರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಭತ್ಯೆ ಸಿಗುತ್ತದೆ. ನಿಮ್ಮಲ್ಲಿ ಕಾರಿನವರಿಗೆ ಪಾರ್ಕಿಂಗ್ ಪುಕ್ಕಟೆಯೇ? ಹಾಗಿದ್ದರೆ ಸೈಕಲ್ಲಿನವರಿಗೆ ಏನು ಸಿಗುತ್ತದೆ ಎಂದು ಒಮ್ಮೆ ನಗುತ್ತಲೇ ಕೇಳಿ.

ಸ್ಪರ್ಧೆ ಮಾಡಲೇಬೇಕು ಎಂದರೆ ಕಿಲೋಮೀಟರ್ ಎಣಿಸಬೇಡಿ. ಗೆಲ್ಲುವವರು ನೀವೇ, ಅಲ್ವಾ? ಹತ್ತಿರದಿಂದ ಬರುವ ಹೊಸಬರು ಮೊದಲ ವಾರವೇ ಕೈಬಿಡುತ್ತಾರೆ. ದಿನ ಎಣಿಸಿ. ತಿಂಗಳಲ್ಲಿ ಒಂದು ದಿನ ಬಂದವರ ಹೆಸರೂ ಹಲಗೆಯ ಮೇಲೆ ಬರಲಿ. ನಿಲ್ದಾಣದವರೆಗೆ ಸೈಕಲ್, ಅಲ್ಲಿಂದ ರೈಲು ಹಿಡಿದವರನ್ನೂ ಸೇರಿಸಿ. ಒಬ್ಬೊಬ್ಬರನ್ನು ಗೆಲ್ಲಿಸುವ ಬದಲು ಮೂರು ನಾಲ್ಕು ಜನರ ತಂಡ ಮಾಡಿ, ಪ್ರತಿ ತಂಡದಲ್ಲೂ ಈವರೆಗೆ ಸೈಕಲ್ ತರದವರು ಒಬ್ಬರಾದರೂ ಇರಬೇಕು ಎಂದು ನಿಯಮ ಮಾಡಿ. ಆಗ ಹಳಬರೇ ಹೊಸಬರ ಟೈರಿಗೆ ಗಾಳಿ ಹೊಡೆದು ಕೊಡುತ್ತಾರೆ. ಹವೆ ಹಿತವಾಗಿರುವ ತಿಂಗಳು ಆರಿಸಿ. ಮಳೆಗಾಲದ ಶೂರತ್ವ ಆಮೇಲೆ ನೋಡಿಕೊಳ್ಳೋಣ. ಮಳೆಯ ದಿನ ಬಸ್ಸಿಗೆ ಹೋದವರೂ ಸೈಕಲ್ಲಿನವರೇ. ಸ್ಪರ್ಧೆ ಮುಗಿದ ಮರುವಾರ ಅರ್ಧ ಜನ ಕಾಣುವುದಿಲ್ಲ, ಅದಕ್ಕೆ ಬೇಸರ ಬೇಡ. ಉಳಿದ ಇಬ್ಬರು ಮೂವರು ನಿಮ್ಮ ಜೊತೆಗೆ ಸೇರಿದರು ಎಂದರೆ ಸ್ವಾಮಿಗಳ ಪಟ್ಟ ತಾನಾಗಿ ಹೋಗುತ್ತದೆ.

ಬಹುಮಾನಕ್ಕೆ ಅಂತ ಇಟ್ಟ ಹಣದಲ್ಲಿ ಮಾತ್ರ ಕಪ್, ಪದಕ ತರಬೇಡಿ. ನಿಂತು ಎರಡೂ ಕೈಯಲ್ಲಿ ಒತ್ತುವ, ಮೀಟರ್ ಇರುವ ಒಂದು ಒಳ್ಳೆ ಪಂಪು ತನ್ನಿ. ಸೈಕಲ್ ಟ್ಯೂಬಿನ ವಾಲ್ವು ದಪ್ಪನೆಯದು, ತೆಳ್ಳನೆಯದು ಎಂದು ಬೇರೆ ಬೇರೆ ಬಗೆ ಇರುತ್ತದೆ, ಎಲ್ಲಕ್ಕೂ ಹಿಡಿಯುವ ತಲೆ ಇದೆಯಾ ನೋಡಿ ತನ್ನಿ. ಪಂಕ್ಚರ್ ಹಾಕುವ ಸಾಮಾನು, ಟೈರು ಬಿಚ್ಚಲು ಎರಡು ಟೈರ್ ಲಿವರ್, ಬೋಲ್ಟು ತಿರುಗಿಸಲು ಅಲೆನ್ ಕೀ ಒಂದು ಸೆಟ್ ಜೊತೆಗಿರಲಿ. ಇದನ್ನೆಲ್ಲ ಸೈಕಲ್ ನಿಲ್ಲಿಸುವ ಜಾಗದಲ್ಲೇ ಇಡಿ, ನಿಮ್ಮ ಮೇಜಿನ ಕೆಳಗೆ ಬೇಡ. ಪಂಪಿಗೆ ಒಂದು ಸರಪಳಿ ಹಾಕುವುದನ್ನು ಮರೆಯಬೇಡಿ. ನಾನು ಮರೆತು ಎರಡು ಕಳೆದುಕೊಂಡಿದ್ದೇನೆ.